ಸಂಡೂರು ಘಾಟಿಗೂ 60, ಸಿರುಗುಪ್ಪ ರೋಡಿಗೂ 60: ಬೈಕ್ ಓಡಿಸೋರು ಏನಂತೀರಿ?

ಸಂಡೂರು ಸವಾರ:
ಭಾಳ ದಿನದಿಂದ ತಲೇಲಿ ಕೊರೀತಿರೋ ವಿಷಯ, ಅದಕ್ಕೆ ಇಲ್ಲಿ ಹಾಕ್ತಿದೀನಿ. 2018ರ ಏಪ್ರಿಲ್‌ನಾಗೆ ಕೇಂದ್ರದೋರು ಸ್ಪೀಡ್ ಲಿಮಿಟ್ ನೋಟಿಫಿಕೇಶನ್ ಹೊರಡಿಸಿದ್ರಲ್ಲ, ಅದ್ರ ಪ್ರಕಾರ ಬೈಕಿಗೆ ಡಿವೈಡರ್ ಇರೋ ನಾಲ್ಕು ಲೇನ್ ರೋಡಲ್ಲಿ ಗಂಟೆಗೆ 80 ಕಿ.ಮೀ., ಊರೊಳಗೆ 60, ಉಳಿದ ರೋಡಿಗೆಲ್ಲ 60. ಈ "ಉಳಿದ ರೋಡು" ಅನ್ನೋದ್ರಾಗೆ ಸಿರುಗುಪ್ಪ ಸಿಂಧನೂರು ಕಡೆ ಹೋಗೋ ನೆಟ್ಟನೆ ರೋಡೂ ಬಂತು, ನಮ್ಮ ಕುಮಾರಸ್ವಾಮಿ ಬೆಟ್ಟಕ್ಕೆ ಹತ್ತೋ ತಿರುವಿನ ರೋಡೂ ಬಂತು. ರಾಜ್ಯ ಸರ್ಕಾರ ಬೇಕಂದ್ರೆ ಒಂದೊಂದು ರೋಡಿಗೆ ಇದಕ್ಕಿಂತ ಕಮ್ಮಿ ಮಾಡಬೋದು, ಜಾಸ್ತಿ ಮಾಡಂಗಿಲ್ಲ, ಆದ್ರೆ ನಮ್ಮ ಬೆಟ್ಟದ ರೋಡಲ್ಲಿ ತ್ರಿಕೋನದ ತಿರುವು ಬೋರ್ಡು ಬಿಟ್ರೆ ನಂಬರ್ ಇರೋ ಬೋರ್ಡು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹೊರಗಿನ ಹುಡುಗ್ರು ಮಳೆಗಾಲ ಮುಗೀತಾ ಬಂತು ಅಂದ್ರೆ ಗುಂಪು ಗುಂಪು ಬರ್ತಾರೆ, ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡ್ಬೇಕು ಅಂತ ಗಾಂಧೀಜಿ ಹೇಳಿದ್ರು ಅನ್ನೋದನ್ನ ಓದ್ಕೊಂಡು ಬರ್ತಾರೆ, ಖುಷಿನೇ. ಆದ್ರೆ ಅವರಿಗೆ ಈ ರೋಡು ಗೊತ್ತಿಲ್ಲ. 60ರೊಳಗೆ ಇದೀನಿ, ಕಾನೂನು ಪಾಲಿಸ್ತಿದೀನಿ ಅಂದ್ಕೊಂಡೇ ತಿರುವಿಗೆ ನುಗ್ತಾರೆ.

ನಾನು ಹೇಳೋದು ಇಷ್ಟೇ: ಬೆಟ್ಟದ ರೋಡಿಗೆ ಒಂದೇ ನಂಬರ್ ಸಾಕಾಗಲ್ಲ, ತಿರುವಿಗೊಂದು ನಂಬರ್ ಬೇಕು. ಒಪ್ತೀರಾ ಇಲ್ವಾ?

ಸಿಂಧನೂರು ಎಕ್ಸ್‌ಪಲ್ಸ್:
ಒಪ್ತೀನಿ, ಆದ್ರ ನಮ್ಮ ಕಡೆ ಉಲ್ಟಾ ಸಮಸ್ಯೆ ಐತಿ. ಎನ್‌ಎಚ್ 150ಎ ಲಿಂಗಸುಗೂರು ಮಸ್ಕಿ ಸಿಂಧನೂರು ಸಿರುಗುಪ್ಪ ಬಳ್ಳಾರಿ ಅಂತ ಬರ್ತೈತಿ, ಮೈಲಿಗಟ್ಟಲೆ ಸಪಾಟ, ಎರಡೂ ಕಡೆ ಗದ್ದಿ, ಮುಂದಿನ ಊರಿನ ನೀರಿನ ಟ್ಯಾಂಕ್ ಇಲ್ಲಿಂದಾನೇ ಕಾಣ್ತೈತಿ. ಅಲ್ಲಿ 60ರಾಗ ಹೋದ್ರ ಹಿಂದಿನ ಕಾರ್‌ನೋರು ಹಾರ್ನ್ ಹೊಡದು ಹೊಡದು ಸೈಡಿಗೆ ತಳ್ತಾರ, ಯಾಕಂದ್ರ ಅದೇ ರೋಡಿಗೆ ಕಾರಿಗೆ 70 ಕೊಟ್ಟಾರ. ಬೈಕ್ ಯಾವಾಗ್ಲೂ ಟ್ರಾಫಿಕ್‌ಗಿಂತ ನಿಧಾನ ಇರ್ಬೇಕು ಅಂತ ರೂಲ್ ಮಾಡಿದ್ರ ಓವರ್‌ಟೇಕ್ ಆಗೋದೆಲ್ಲ ನಮ್ಮ ಮ್ಯಾಲೇ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗ ತಡಿಯೋದು) ಇರೋ, ಟೈರ್ ದಪ್ಪ ಇರೋ ಗಾಡಿಗೂ ಅದೇ 60, ಹಿಂದ ಎರಡು ಹಾಲಿನ ಕ್ಯಾನ್ ಕಟ್ಟಿದ ಹಳೇ ಗಾಡಿಗೂ ಅದೇ 60. ಇದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ.

ಸ್ಕೂಟಿ ಟೀಚರ್:
ಸಿಂಧನೂರಿನವರೇ, ನಿಮ್ಮ ಗಾಡಿಗೆ ಎಬಿಎಸ್ ಇದೆ, ರೋಡಿನ ಮೇಲೆ ಭತ್ತ ಒಣ ಹಾಕಿರೋ ರೈತನಿಗೆ ಏನಿದೆ? ನಾನು ದಿನಾ ಹಳ್ಳಿ ಶಾಲೆಗೆ ಸ್ಕೂಟರ್‌ನಲ್ಲಿ ಹೋಗಿ ಬರೋಳು. ನೇರ ರೋಡು ಅಂತೀರಲ್ಲ, ಆ ನೇರ ರೋಡಿಗೆ ಹೊಲದಿಂದ ಸೀದಾ ಬಂದು ಸೇರೋ ಬಂಡಿ ಜಾಡು ಎಷ್ಟಿವೆ, ಕುರಿ ಹಿಂಡು ದಾಟೋಕೆ ಎಷ್ಟು ಹೊತ್ತು ಬೇಕು, ಶಾಲೆ ಬಿಟ್ಟ ಮಕ್ಕಳು ಹೇಗೆ ಓಡ್ತಾರೆ, ಇದನ್ನೆಲ್ಲ ನೋಡಿ ಹೇಳಿ. ಲಿಮಿಟ್ ಇರೋದು ಸವಾರನ ಕೈಚಳಕ ಅಳೆಯೋಕಲ್ಲ, ರೋಡಲ್ಲಿ ಬೇರೆ ಯಾರು ಇದ್ದಾರೆ ಅನ್ನೋದಕ್ಕೆ.

ಸಿಂಧನೂರು ಎಕ್ಸ್‌ಪಲ್ಸ್:
ಟೀಚರ್, ಆ ಮಾತು ತೆಗೆದುಹಾಕಂಗಿಲ್ಲ. ಕೊಯ್ಲಿನ ಟೈಮಿನಾಗ ಕತ್ತಲಾದ ಮ್ಯಾಲ ಟ್ರ್ಯಾಕ್ಟರ್ ಟ್ರೇಲರ್ ಹಿಂದ ಒಂದು ರೆಡ್ ಲೈಟ್ ಇರಂಗಿಲ್ಲ, ರಿಫ್ಲೆಕ್ಟರ್ ಇರಂಗಿಲ್ಲ, ಹುಲ್ಲು ಎರಡೂ ಕಡೆ ಹೊರಗ ಚಾಚಿರ್ತೈತಿ. ಅಲ್ಲಿ 60 ಸಹ ಜಾಸ್ತಿ, ಒಪ್ತೀನಿ. ಹಗಲಿಗೊಂದು ರಾತ್ರಿಗೊಂದು ಮಾಡ್ರಿ ಅಂತೀನಿ.

ಯಜ್ಡಿ ಕಾಕಾ:
ಬೆಟ್ಟದ ರೋಡಿನ ವಿಷ್ಯ ಬಂತಲ್ಲ, ನಾನೂ ಎರಡು ಮಾತು ಸೇರಿಸ್ತೀನಿ ತಮ್ಮಗಳಿರಾ.

ನಾವು ಸಂಡೂರು ಕಡೆಯ ರಾಮನದುರ್ಗ ಬೆಟ್ಟಕ್ಕೆ ಯಜ್ಡಿ ರೋಡ್‌ಕಿಂಗ್ ಬೈಕ್ ಹತ್ತಿಸ್ತಿದ್ದ ಕಾಲಕ್ಕೆ ಸ್ಪೀಡ್ ಲಿಮಿಟ್ ಅನ್ನೋ ಮಾತೇ ಯಾರ ಬಾಯಾಗೂ ಇರಲಿಲ್ಲ, ಗಾಡಿನೇ ಲಿಮಿಟ್ ಹಾಕ್ತಿತ್ತು. ಮೈಸೂರಿನಾಗೆ ತಯಾರಾಗ್ತಿದ್ದ ಗಾಡಿ, 1996ಕ್ಕೆ ಫ್ಯಾಕ್ಟ್ರಿ ಮುಚ್ಚಿತು. ಕಿಕ್ಕರ್‌ನೇ ಒಳಗೆ ಒತ್ತಿ ಮುಂದಕ್ಕೆ ಮಾಡಿದ್ರೆ ಗೇರ್ ಲಿವರ್. ಟೂ ಸ್ಟ್ರೋಕ್ ಗಾಡೀಲಿ ಇಂಜಿನ್ ಬ್ರೇಕಿಂಗ್, ಅಂದ್ರೆ ಇಂಜಿನ್ನೇ ಗಾಡಿನ ತಡೆಯೋದು, ಅನ್ನೋದು ಇಲ್ಲವೇ ಇಲ್ಲ ಅನ್ನಬೋದು, ಥ್ರಾಟಲ್ ಬಿಟ್ರೆ ಡುಬು ಡುಬು ಅಂತ ಜಾರ್ತಾನೇ ಹೋಗ್ತೈತೆ. ಮೇಲಿಂದ ಇಳೀಬೇಕಾದ್ರೆ ಪೂರ್ತಿ ಬ್ರೇಕ್ ಮೇಲೇ, ಅದೂ ಡ್ರಮ್ ಬ್ರೇಕು, ನಾಲ್ಕು ತಿರುವು ಒಂದೇ ಸಮ ಒತ್ತಿದ್ರೆ ಬಿಸಿಯಾಗಿ ಹಿಡೀತಾನೇ ಇರಲಿಲ್ಲ, ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡೀತಿತ್ತು. ಇನ್ನೊಂದು ಈಗಿನೋರಿಗೆ ಗೊತ್ತಿರಲ್ಲ, ಆಗ ಆಯಿಲ್‌ನ ಪೆಟ್ರೋಲ್‌ನಾಗೇ ಕಲಸಿ ಹಾಕೋದು, ಇಳಿಜಾರಲ್ಲಿ ಥ್ರಾಟಲ್ ಮುಚ್ಚಿ ಗೇರಲ್ಲೇ ಬಂದ್ರೆ ಇಂಜಿನ್ ತಿರುಗ್ತಾ ಇರ್ತೈತೆ ಆದ್ರೆ ಪೆಟ್ರೋಲ್ ಹೋಗಲ್ಲ, ಪೆಟ್ರೋಲ್ ಹೋಗಲಿಲ್ಲ ಅಂದ್ರೆ ಎಣ್ಣೇನೂ ಇಲ್ಲ, ಪಿಸ್ಟನ್ ಕಚ್ಕೊಂತಿತ್ತು. ಅದಕ್ಕೆ ಮಧ್ಯೆ ಮಧ್ಯೆ ಥ್ರಾಟಲ್ ಚೂರು ತಿರುವಿ ಎಣ್ಣೆ ಕುಡಿಸ್ಬೇಕು, ಅಲ್ಲಲ್ಲಿ ನಿಲ್ಲಿಸಿ ಡ್ರಮ್ ಆರಿಸ್ಬೇಕು. ನಿಲ್ಸಿದ ಕಡೆ ಬೀಡಿ ಹಚ್ಚೋರು ಹಚ್ಚೋರು, ನಾನು ಕೆಳಗಿನ ಕಣಿವೆ ನೋಡ್ಕೊಂತ ಕೂಡ್ತಿದ್ದೆ.

ಮೇಲೆ ಬ್ರಿಟಿಷರ ಕಾಲದ ಬಂಗಲೆಗಳ ಗೋಡೆ, ಅವರ ಗೋರಿಗಳು ಈಗ್ಲೂ ಅದಾವೆ. ಬಳ್ಳಾರಿ ಕಂಟೋನ್ಮೆಂಟಿನ ಸೈನಿಕರನ್ನ ಆರೈಕೆಗೆ ಅಂತ ಅಲ್ಲಿಗೆ ಕಳಿಸ್ತಿದ್ರು, ಬಳ್ಳಾರಿ ಬಿಸಿಲಿಗೆ ಬೇಯ್ದೋರಿಗೆ ಮೂರು ಸಾವಿರ ಅಡಿ ಎತ್ತರದ ಗಾಳಿ ಅಂದ್ರೆ ಸುಮ್ನೆನಾ. ಮೇ ತಿಂಗಳಾಗೆ ಹತ್ತಿದ್ರೆ ಅರ್ಧ ದಾರೀಲೇ ಗಾಳಿ ಬದಲಾಗಿದ್ದು ಮುಖಕ್ಕೆ ಗೊತ್ತಾಗ್ತಿತ್ತು. ಆ ರೋಡನ್ನ ಜೋರಾಗಿ ಹೊಡ್ದೋನಿಗೆ ಆ ಗಾಳಿ ಸಿಗಲ್ಲ ನೋಡಪ್ಪ.

ಕೊಪ್ಪಳದ ಆರ್‌ಎಕ್ಸ್:
ಕಾಕಾ 🙏 ಆರ್‌ಎಕ್ಸ್ 100ಗೂ ಅದೇ ಕತಿ, ಎಣ್ಣಿ ಡಬ್ಬಿ ಬ್ಯಾರೆ ಇರ್ತೈತಿ ಅನ್ನೋದೊಂದು ಬಿಟ್ರ. ಇಳಿಜಾರಿನ್ಯಾಗ ಇಂಜಿನ್ ಹಿಡಿಯಂಗಿಲ್ಲ. ಈಗಿನ ಫೋರ್ ಸ್ಟ್ರೋಕ್ ಓಡಿಸಿ ರೂಢಿ ಆದ ಹುಡುಗ್ರು ನನ್ನ ಗಾಡಿ ಕೇಳಿದ್ರ ಘಾಟಿನ್ಯಾಗ ಮಾತ್ರ ಕೊಡಂಗಿಲ್ಲ.

ತೋರಣಗಲ್ಲು ನೈಟ್ ಶಿಫ್ಟ್:
ನಾನು ಪ್ಲಾಂಟಿನಾಗೆ ಕೆಲ್ಸ, ಸಂಡೂರಿಂದ ಓಡಾಟ. ಕಾಕಾ ಹೇಳಿದ ರೋಡು ಬೇರೆ, ಈಗಿಂದು ಬೇರೆ. ಈಗ ಸ್ಪೀಡ್‌ಗಿಂತ ದೊಡ್ಡ ವಿಷ್ಯ ಧೂಳು. ಅದಿರಿನ ಫೈನ್ಸ್ (ನುಣ್ಣನೆ ಪುಡಿ) ತಿರುವಿನ ಹೊರಗಡೆ ಅಂಚಿಗೆ ಬಂದು ಕೂತ್ಕಂತೈತೆ, ಲಾರಿ ತಿರುಗುವಾಗ ಅಲ್ಲೇ ಚೆಲ್ಲೋದು. ಒಣಗಿದ್ರೆ ಸಣ್ಣ ಮಣಿ ಹಾಸಿದಂಗೆ ಜಾರ್ತೈತೆ. ಇನ್ನೂ ಕೆಟ್ಟದ್ದು ಬೆಳಿಗ್ಗೆ, ಧೂಳು ಏಳಬಾರ್ದು ಅಂತ ಟ್ಯಾಂಕರ್‌ನಾಗೆ ನೀರು ಹೊಡೀತಾರೆ, ಅದು ಕೆಂಪು ಕೆಸರಾಗಿ ಟಾರ್ ಮೇಲೆ ತೆಳ್ಳಗೆ ಪದರ ಕಟ್ತೈತೆ. ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿ ಬರೋರು ಅದ್ರ ಮೇಲೆ ಫ್ರಂಟ್ ಬ್ರೇಕ್ ಹಿಡಿದ್ರೆ ಮುಗೀತು. ನನ್ನ ಜೊತೆ ಕೆಲಸ ಮಾಡೋನು 30ರ ಸ್ಪೀಡಲ್ಲಿ ಬಿದ್ದು ಕಾಲರ್ ಬೋನ್ ಮುರ್ಕೊಂಡ. 30 ಅಂದ್ರೆ 30, ಯಾವ ಲಿಮಿಟ್ಟೂ ಮೀರಿರಲಿಲ್ಲ. ಅದಕ್ಕೆ ಬೋರ್ಡಿನ ನಂಬರ್ ಚರ್ಚೆ ಮಾಡೋಕೆ ಮುಂಚೆ ರೋಡು ಗುಡಿಸ್ರಿ ಅಂತೀನಿ.

ಲೆಕ್ಕದ ಮನುಷ್ಯ:
ಸಿವಿಲ್ ಓದಿದೋನು, ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರಾಗಬೇಡಿ, ಈ ಚರ್ಚೆಗೆ ಬೇಕಾಗಿರೋದೇ ಇದು.

ಒಣ ಒಳ್ಳೆ ಟಾರ್ ಮೇಲೆ ಸಾಧಾರಣ ಸವಾರ ಗಟ್ಟಿಯಾಗಿ ಬ್ರೇಕ್ ಹಿಡಿದ್ರೆ ಒಂದೊಂದು ಸೆಕೆಂಡಿಗೂ ವೇಗ ಸೆಕೆಂಡಿಗೆ 6 ಮೀಟರ್‌ನಷ್ಟು (ಗಂಟೆಗೆ ಸುಮಾರು 22 ಕಿ.ಮೀ.) ಇಳೀತಾ ಹೋಗುತ್ತೆ ಅಂತ ಇಟ್ಕೊಳ್ಳಿ. ನೋಡಿ ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್. 40ರಲ್ಲಿ ಇದ್ರೆ ಒಟ್ಟು 21 ಮೀಟರ್‌ಗೆ ನಿಲ್ತೀರಿ. 60ರಲ್ಲಿ 40 ಮೀಟರ್. 80ರಲ್ಲಿ 63 ಮೀಟರ್. ಸ್ಪೀಡ್ ಡಬಲ್ ಆದ್ರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟು ಆಗುತ್ತೆ, ಅದು ಗಾಡಿ ಬೆಲೆ ನೋಡಿ ಬದಲಾಗಲ್ಲ. ಎಬಿಎಸ್ ಮಾಡೋದು ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು ಅಷ್ಟೇ, ಇಲ್ಲದ ಗ್ರಿಪ್ ತಂದು ಕೊಡಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಗಾಡಿಗೆಲ್ಲ ಕಡ್ಡಾಯ ಆಗಿದೆ, ಒಳ್ಳೇದೇ, ಆದ್ರೆ ನಮ್ಮ ಭಾಗದಲ್ಲಿ ಓಡೋ ಗಾಡಿ ಹೆಚ್ಚಿನವು 100, 110, 125, ಅವಕ್ಕೆ ಹೆಚ್ಚಾಗಿ ಬರೀ ಕಾಂಬಿ ಬ್ರೇಕ್, ಅಂದ್ರೆ ಒಂದು ಹಿಡಿದ್ರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳೋದು.

ಈಗ ತೋರಣಗಲ್ಲಿನವರು ಹೇಳಿದ ಧೂಳು. ಗ್ರಿಪ್ ಅರ್ಧಕ್ಕೆ ಇಳೀತು ಅನ್ಕೊಳ್ಳಿ, 60ರಲ್ಲಿ ಇದ್ದೋನಿಗೆ ನಿಲ್ಲೋಕೆ 63 ಮೀಟರ್ ಬೇಕು. ಅಂದ್ರೆ ಧೂಳಿನ ಮೇಲಿನ 60, ಒಳ್ಳೆ ರೋಡಿನ 80ಕ್ಕೆ ಸಮ. ಇಳಿಜಾರು ಇದ್ರೆ ಇನ್ನೂ ಜಾಸ್ತಿ.

ತಿರುವಿನ ಲೆಕ್ಕ ಇನ್ನೂ ಬಿಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಬೆಟ್ಟದ ರೋಡಿನ ಮಾರ್ಗಸೂಚೀಲಿ ಹೇರ್‌ಪಿನ್ ತಿರುವಿಗೆ (ಪೂರ್ತಿ ಹಿಂದಕ್ಕೆ ಮಡಚೋ ತಿರುವು) ಡಿಸೈನ್ ಸ್ಪೀಡ್ 20 ಕಿ.ಮೀ., ಒಳಗಿನ ಅಂಚಿನ ತ್ರಿಜ್ಯ ಕನಿಷ್ಠ 14 ಮೀಟರ್. ಆ 14 ಮೀಟರ್ ತಿರುವಿನಲ್ಲಿ 30ರಲ್ಲಿ ಹೋದ್ರೆ ಗುರುತ್ವದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುತ್ತೆ, 40ರಲ್ಲಿ ಹೋದ್ರೆ ಹತ್ತಿರ ಹತ್ತಿರ 0.9. ಒಣ ಟಾರೇ ಅದನ್ನ ತಡ್ಕೊಳ್ಳೋದು ಕಷ್ಟ, ಫೈನ್ಸ್ ಮೇಲೆ ಮಾತೇ ಇಲ್ಲ. ರೋಡು ಕಟ್ಟೋ ಇಂಜಿನಿಯರ್ ಲೆಕ್ಕ 20, ಓಡಿಸೋನಿಗೆ ಹೇಳಿರೋ ಲೆಕ್ಕ 60. ಈ ನಡುವಿನ 40ರ ಅಂತರದಲ್ಲೇ ಜನ ಬೀಳ್ತಿರೋದು.

ಸಂಡೂರು ಸವಾರ:
ಇದೇ, ಇದೇ ನಾನು ಹೇಳೋಕೆ ಒದ್ದಾಡ್ತಿದ್ದಿದ್ದು. 20 ಅಂತ ಕಾಗದದಾಗೆ ಬರ್ಕೊಂಡಿದ್ದನ್ನ ತಿರುವಿನಾಗೆ ಬೋರ್ಡ್ ಮೇಲೆ ಬರೆಯೋಕೆ ಏನ್ ಕಷ್ಟ?

ಕ್ಲಚ್ ಕೇಬಲ್:
ಬೋರ್ಡು ಹಾಕಿದ್ರೆ ಯಾರು ಓದ್ತಾರೆ ಸರ್. ಹೆಲ್ಮೆಟ್ಟೇ ಹಾಕಲ್ಲ ನಮ್ಮ ಜನ, ಹಾಕಿದ್ರೂ ಟ್ಯಾಂಕ್ ಮೇಲೆ. ಬಳ್ಳಾರಿ ಸಿಟೀಲಿ ಪೊಲೀಸ್ ಕಂಡ್ರೆ ತಲೆಗೆ, ದಾಟಿದ ಮೇಲೆ ಮತ್ತೆ ಕೈಗೆ. 183ನೇ ಸೆಕ್ಷನ್‌ನಲ್ಲಿ ಓವರ್‌ಸ್ಪೀಡಿಗೆ ಸಾವಿರದಿಂದ ದಂಡ ಇದೆ ಅಂತ ಎಲ್ರಿಗೂ ಗೊತ್ತು, ಆದ್ರೆ ಬೆಟ್ಟದ ಮೇಲೆ ಸ್ಪೀಡ್ ಗನ್ ಹಿಡ್ಕೊಂಡು ಯಾರು ನಿಲ್ತಾರೆ. ಹಿಡಿಯೋರು ಇಲ್ಲದ ಲಿಮಿಟ್ ಲಿಮಿಟ್ಟೇ ಅಲ್ಲ.

ಸ್ಕೂಟಿ ಟೀಚರ್:
ಇಲ್ಲ, ಇದನ್ನ ನಾನು ಒಪ್ಪಲ್ಲ. ಮೊದಲ ಸಲ ಬರೋನಿಗೆ ಆ ಬೋರ್ಡು ದಂಡದ ಬೆದರಿಕೆ ಅಲ್ಲ, ಮಾಹಿತಿ. ಮುಂದಿನ ತಿರುವು ಎಷ್ಟು ಬಿಗಿ ಅಂತ ಅವನಿಗೆ ಗೊತ್ತಿಲ್ಲ, ತ್ರಿಕೋನದ ಬೋರ್ಡು ತಿರುವಿನ ಆಕಾರ ತೋರಿಸುತ್ತೆ, ಎಷ್ಟು ಸ್ಪೀಡಲ್ಲಿ ಹೋಗ್ಬೇಕು ಅಂತ ಹೇಳಲ್ಲ. 20 ಅಂತ ಬರೆದಿದ್ರೆ ಓ ಇದು ಬೇರೆ ಲೆವೆಲ್ ತಿರುವು ಅಂತ ಗೊತ್ತಾಗುತ್ತೆ. ಓದದೇ ಇರೋರು ಇರ್ತಾರೆ ಅಂತ ಓದೋರಿಗೂ ಬೋರ್ಡು ಬೇಡ ಅನ್ನೋದು ಸರಿಯಲ್ಲ.

ಹತ್ತು ಗಾಲಿ:
ನಾನು ಬೈಕಿನವನಲ್ಲ, ಟಿಪ್ಪರ್ ಓಡಿಸ್ತೀನಿ. ಹೇಳಬಹುದಾ?

ಸಂಡೂರು ಸವಾರ:
ಅಣ್ಣ ನಿಮ್ಮ ಮಾತೇ ಬೇಕಾಗಿರೋದು ಹೇಳ್ರಿ.

ಹತ್ತು ಗಾಲಿ:
ಲೋಡ್ ಹಾಕ್ಕೊಂಡು ಇಳೀಬೇಕಾದ್ರೆ ನಾವು ಎರಡನೇ ಗೇರ್ ಮೂರನೇ ಗೇರಾಗೇ ಇಳಿಯೋದು, ಇಂಜಿನ್ ಮೇಲೇ ತಡೀಬೇಕು, ಬ್ರೇಕ್ ಮೇಲೆ ಕಾಲಿಟ್ಕಂಡು ಬಂದ್ರೆ ಲೈನರ್ ಹೊಗೆ ಬರ್ತೈತೆ, ಆಮೇಲೆ ದೇವರೇ ಗತಿ. ಅದಕ್ಕೆ ನಿಧಾನ. ಹಿಂದೆ ಬಂದ ಬೈಕ್ ಹುಡುಗ್ರಿಗೆ ತಡ್ಕೊಳ್ಳೋಕಾಗಲ್ಲ, ತಿರುವಿನಾಗೇ ನುಗ್ತಾರೆ. ನಿಮಗೆ ಒಂದು ಮಾತು ಗೊತ್ತಿರಲಿ, ನನ್ನ ಎಡಗಡೆ ಬಾಗಿಲ ಪಕ್ಕ ಬೈಕ್ ಬಂತು ಅಂದ್ರೆ ನಂಗೆ ಕಾಣ್ಸಲ್ಲ. ಕನ್ನಡಿ ಐತೆ, ಆದ್ರೂ ಕಾಣ್ಸಲ್ಲ, ಅಷ್ಟು ಹತ್ರ ಬಂದ್ರೆ ಕನ್ನಡಿ ಕೆಳಗೆ ಹೋಗಿಬಿಡ್ತೀರಿ. ತಿರುವಿನಾಗೆ ನನ್ನ ಹಿಂದಿನ ಗಾಲಿ ಒಳಗಡೆಗೆ ಕಟ್ ಆಗ್ತೈತೆ, ಮುಂದಿನ ಗಾಲಿ ಹೋದ ದಾರೀಲಿ ಹೋಗಲ್ಲ. ಒಳಗಡೆ ಸಂದಿ ಐತೆ ಅಂತ ನುಗ್ಗಿದೋನು ಆ ಗಾಲಿಗೆ ಸಿಗ್ತಾನೆ.

ಎದುರಿಗೆ ಬರೋರಿಗೂ ಒಂದು ಮಾತು. ರೋಡು ಸಣ್ಣದಿದ್ದ ಕಡೆ ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು, ಇದು ನಮ್ಮ ಡ್ರೈವರ್‌ಗಳ ಪದ್ಧತಿ ಅಷ್ಟೇ ಅಲ್ಲ, ರೂಲ್ಸ್‌ನಾಗೇ ಐತೆ. ಲೋಡ್ ಗಾಡಿ ಹತ್ತುವಾಗ ನಿಂತ್ರೆ ಮತ್ತೆ ಎತ್ತೋದು ಎಷ್ಟು ಕಷ್ಟ ನಿಮಗೆ ಗೊತ್ತಿಲ್ಲ. ನಮಗೂ ಬಾಯಿಗೆ ಬಂದಂಗೆ ಬೈತಾರೆ ಜನ, ಲಾರಿ ಅಂದ್ರೆ ಯಮ ಅಂತ. ನಮ್ಮ ಮನೇಲೂ ಬೈಕ್ ಐತೆ, ನನ್ನ ಮಗನೂ ಇದೇ ರೋಡಾಗೆ ಕಾಲೇಜಿಗೆ ಹೋಗ್ತಾನೆ.

ತೋರಣಗಲ್ಲು ನೈಟ್ ಶಿಫ್ಟ್:
ಅಣ್ಣ ಹೇಳಿದ್ದು ಪ್ರಿಂಟ್ ಹಾಕಿಸಿ ಹೋಟೆಲ್ ಹೋಟೆಲ್‌ಗೆ ಅಂಟಿಸ್ಬೇಕು.

ಕೊಪ್ಪಳದ ಆರ್‌ಎಕ್ಸ್:
ಲಾರಿ ವಿಷ್ಯ ಬಂತಂದ್ರ ನಮಗ ಆ ಮೈನಿಂಗ್ ಜೋರಿದ್ದ ವರ್ಷಗಳು ನೆನಪಾಗ್ತಾವ. ಅದಿರು ಬೇಲೆಕೇರಿ ಬಂದರಿಗೆ ಹೊಂಟಿತ್ತಲ್ಲ, ಹೊಸಪೇಟಿ ಕೊಪ್ಪಳ ಗದಗ ಹುಬ್ಬಳ್ಳಿ ಮ್ಯಾಲ ಹಾಸಿ ಅಂಕೋಲಾ ಮಟ. ಆಗ ಅದು ಎನ್‌ಎಚ್ 63, ಈಗ ಹುಬ್ಬಳ್ಳಿ ಮಟ 67, ಅಲ್ಲಿಂದ ಅಂಕೋಲಾಕ್ಕ 52. ಸಾಲು ಮುಗೀತಾನೇ ಇರ್ಲಿಲ್ಲ, ರೋಡಿನ್ಯಾಗ ಎರಡು ಗಾಲಿ ಜಾಡು ನಾಲಿ ಬಿದ್ದಂಗ ತಗ್ಗು ಬಿದ್ದಿದ್ವು, ಬೈಕಿನ ಗಾಲಿ ಒಳಗ ಇಳೀತು ಅಂದ್ರ ಹೊರಗ ತೆಗೆಯೋದೇ ಕಷ್ಟ. ಮುಖ ಒರೆಸಿದ್ರ ಟವೆಲ್ ಕೆಂಪು. 2011ರ ಜುಲೈನ್ಯಾಗ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದ ಗಣಿಗಾರಿಕೆ ನಿಲ್ಸಿದ ಮ್ಯಾಲ ರೋಡು ಒಮ್ಮೆಲೇ ಖಾಲಿ ಆತು ನೋಡ್ರಿ. ಆಗ ಬೈಕ್‌ನೋರು ಖುಷಿಪಟ್ರು, ಆದ್ರ ಧಾಬಾದೋರು ಪಂಚರ್ ಅಂಗಡಿಯೋರು ಲಾರಿ ಸಾಲ ಮಾಡಿದೋರು ಎಲ್ಲಾ ಬೀದಿಗೆ ಬಂದ್ರು. ಎರಡೂ ಕಣ್ಣಾರೆ ನೋಡೀನಿ ಅದಕ್ಕ ಬರೀ ಲಾರಿ ಬ್ಯಾಡ ಅನ್ನೋ ಮಾತು ನನ್ನ ಬಾಯಿಗೆ ಬರಂಗಿಲ್ಲ.

ಯಜ್ಡಿ ಕಾಕಾ:
2013ರಾಗೆ ಮತ್ತೆ ಶುರುವಾತು, ಆದ್ರೆ ಈ ಸಲ ಎಷ್ಟು ತೆಗೀಬೇಕು ಅಂತ ಮಿತಿ ಹಾಕಿ. ಈಗ ಅದಿರು ಕನ್ವೇಯರ್ ಪೈಪ್‌ನಾಗೂ ಕೆಳಗಿಳೀತೈತೆ, ಒಂದಿಷ್ಟು ಲಾರಿ ಕಮ್ಮಿ ಆಗ್ಯಾವೆ. ಆದ್ರೂ ನಾರಿಹಳ್ಳ ಡ್ಯಾಮ್ ಕಡೆ ಹೋಗುವಾಗ ಗಿಡದ ಎಲೆ ಹಸಿರು ಕಾಣಬೇಕಂದ್ರೆ ಒಂದು ಜೋರು ಮಳೆ ಬರ್ಬೇಕು.

ರಾಯಚೂರು ಬುಲೆಟ್:
ನಮ್ಮೂರಾಗ ಘಾಟಿ ಇಲ್ಲ, ಅದಕ್ಕ ವರ್ಷಕ್ಕೊಮ್ಮೆ ನಾವೊಂದು ಗ್ಯಾಂಗ್ ಸಂಡೂರಿಗೆ ಬರ್ತೀವಿ. ಬುಲೆಟ್ ಭಾರ ಗಾಡಿ, ಇಳಿಜಾರಿನಾಗ ಗೇರ್ ಇಳಿಸಿಕೊಂಡು ಬಂದ್ರ ಬ್ರೇಕ್ ಮುಟ್ಟೋ ಕೆಲಸ ಕಮ್ಮಿ. ನಮ್ಮ ಗ್ಯಾಂಗಿನಾಗ ಒಂದು ನಿಯಮ ಐತಿ, ಘಾಟಿನಾಗ ಎಲ್ಲಾರಿಗಿಂತ ಹೊಸಬ ಮುಂದ. ಅವನ ಸ್ಪೀಡೇ ಎಲ್ಲರ ಸ್ಪೀಡು. ಮುಂಚೆ ಹಂಗಿರ್ಲಿಲ್ಲ, ಗಟ್ಟಿ ಓಡಿಸೋನು ಮುಂದ, ಹೊಸಬ ಹಿಂದ, ಹಿಂದಿನೋನು ಮುಂದಿನೋರನ್ನ ಹಿಡಿಯಾಕ ತನ್ನ ಕೈ ಮೀರಿ ಓಡಿಸ್ತಿದ್ದ. ಸರ್ಕಾರದ ನಂಬರ್‌ಗಿಂತ ಈ ನಿಯಮ ನಮಗ ಜಾಸ್ತಿ ಕೆಲಸ ಮಾಡೇತಿ.

ಇನ್ನೊಂದು, ಸಂಜಿ ಮ್ಯಾಲ ಆ ಕಾಡಿನ ರೋಡಿನಾಗ ಓಡಿಸಬ್ಯಾಡ್ರಿ. ದರೋಜಿ ಕರಡಿಧಾಮ ದೂರ ಇಲ್ಲ, ಕರಡಿ ಬೇಲಿ ಹಾಕ್ಕೊಂಡು ಕೂತಿರಂಗಿಲ್ಲ. ಕಪ್ಪು ಪ್ರಾಣಿ, ಕತ್ತಲು, ಹೆಡ್‌ಲೈಟಿಗೆ ಕಾಣೋದೇ ಲೇಟು.

ಸಿಂಧನೂರು ಎಕ್ಸ್‌ಪಲ್ಸ್:
ಹೊಸಬ ಮುಂದ, ಇದು ಭಾಳ ಚಲೋ ಐತಿ, ನಾವೂ ಮಾಡ್ತೀವಿ. ಲೆಕ್ಕದ ಮನುಷ್ಯರ ಪೋಸ್ಟ್ ಎರಡು ಸಲ ಓದಿದೆ. ಸಪಾಟ ರೋಡಿಗೆ 60 ಕಮ್ಮಿ ಅನ್ನೋ ಮಾತು ನಾನು ಬಿಡಂಗಿಲ್ಲ, ಕಾರಿಗೂ ಬೈಕಿಗೂ ಒಂದೇ ಲಿಮಿಟ್ ಇರ್ಲಿ. ಆದ್ರ ಬೆಟ್ಟಕ್ಕ 20ರ ಬೋರ್ಡು ಹಾಕಸಾಕ ನನ್ನ ಸಹಿನೂ ಹಾಕ್ರಿ.

ಲೆಕ್ಕದ ಮನುಷ್ಯ:
ಕಾರಿಗೂ ಬೈಕಿಗೂ ಒಂದೇ ಲಿಮಿಟ್ ಅನ್ನೋದರಲ್ಲಿ ಹುರುಳಿದೆ, ವೇಗದ ವ್ಯತ್ಯಾಸ ಹೆಚ್ಚಾದಷ್ಟು ಓವರ್‌ಟೇಕ್ ಹೆಚ್ಚು. ಆದ್ರೆ ಅದನ್ನ 60ಕ್ಕೆ ಇಳಿಸಿ ಒಂದು ಮಾಡಬೇಕಾ 70ಕ್ಕೆ ಏರಿಸಿ ಒಂದು ಮಾಡಬೇಕಾ ಅಂದ್ರೆ ನಾನು ಟೀಚರ್ ಕಡೆ.

ಸಂಡೂರು ಸವಾರ:
ಸರಿ ಹಂಗಾದ್ರೆ. ಲೋಕೋಪಯೋಗಿ ಇಲಾಖೆಗೂ ಎಸ್‌ಪಿ ಆಫೀಸಿಗೂ ಒಂದು ಮನವಿ ಬರೆಯೋಣ. ಬರೀ ಘಾಟಿಗೆ ಲಿಮಿಟ್ ಹಾಕ್ರಿ ಅಂದ್ರೆ ಕೆಳಗೊಂದು ಮೇಲೊಂದು ಬೋರ್ಡು ನೆಟ್ಟು ಕೈತೊಳ್ಕಂತಾರೆ. ಅದಕ್ಕೆ ಒಂದೊಂದು ತಿರುವಿಂದೂ ಫೋಟೋ, ಎಲ್ಲಿ ಕಾಣಲ್ಲ, ಎಲ್ಲಿ ಅಂಚು ಕಿತ್ತೋಗೈತೆ, ಎಲ್ಲಿ ಧೂಳು ಕೂತ್ಕಂತೈತೆ, ಎಲ್ಲಿ ಗುಂಡು ಕನ್ನಡಿ ಬೇಕು, ಎಲ್ಲ ಬರೆದು ಕೊಡಬೇಕು. ಬಿಗಿ ತಿರುವಿಗೆ 20, ಉಳಿದ ಕಡೆ 30 ಅಥವಾ 40, ಅದನ್ನ ಇಂಜಿನಿಯರ್ ನೋಡಿ ಹೇಳಲಿ. ಜೊತೆಗೆ ಅದಿರು ಗಾಡಿಗೆ ಟಾರ್ಪಾಲ್ ಸರಿಯಾಗಿ ಕಟ್ಟಿಸೋದು, ವಾರಕ್ಕೊಮ್ಮೆಯಾದ್ರೂ ತಿರುವಿನ ಅಂಚು ಗುಡಿಸೋದು. ಬರೋ ಭಾನುವಾರ ಬೆಳಿಗ್ಗೆ ಬಿಡುವಿರೋರು ಬರ್ರಿ, ಬೆಟ್ಟದ ಕೆಳಗೆ ಸೇರೋಣ, ಒಗ್ಗರಣೆ ಮಿರ್ಚಿ ನನ್ನ ಕಡೆಯಿಂದ.

ಕ್ಲಚ್ ಕೇಬಲ್:
ಬರ್ತೀನಿ. ಬೋರ್ಡು ಕೆಲಸ ಮಾಡುತ್ತೆ ಅಂತ ಇನ್ನೂ ನಂಬಿಕೆ ಬಂದಿಲ್ಲ, ಗುಡಿಸೋ ವಿಷ್ಯಕ್ಕೆ ಬರ್ತೀನಿ.

ಸ್ಕೂಟಿ ಟೀಚರ್:
ನಾನೂ ಬರ್ತೀನಿ. ಮನವಿ ಬರೆಯೋ ಕೆಲಸ ನನಗೆ ಬಿಡಿ, ಲೆಕ್ಕದವರ ಆ 20, 30, 40ರ ಅಂಕಿಗಳನ್ನ ಹಾಗೇ ಹಾಕ್ತೀನಿ.

ಹತ್ತು ಗಾಲಿ:
ಭಾನುವಾರ ನಂಗೆ ಟ್ರಿಪ್ ಐತೆ, ಬರೋಕಾಗಲ್ಲ. ಫೋಟೋ ತೆಗೆಯೋರು ಹತ್ತೋ ಕಡೆಯಿಂದ ಮಾತ್ರ ತೆಗೀಬೇಡ್ರಿ, ಇಳಿಯೋ ಕಡೆಯಿಂದಾನೂ ತೆಗೀರಿ, ಅದೂ ಒಬ್ರು ಮೇಲೆ ನಿಂತು ತೆಗೀರಿ. ನನ್ನ ಸೀಟಿನ ಎತ್ತರಕ್ಕೆ ಕೆಲವು ತಿರುವಿನಾಗೆ ಕೊಂಬೆ ಅಡ್ಡ ಬಂದು ಎದುರಿನ ಬೈಕ್ ಕಾಣಲ್ಲ, ಬೈಕಿನ ಎತ್ತರದಿಂದ ನೋಡಿದ್ರೆ ಅದು ನಿಮಗೆ ಗೊತ್ತೇ ಆಗಲ್ಲ. ಆ ಕೊಂಬೆ ಕಡಿಸೋಕೆ ಫಾರೆಸ್ಟ್‌ನೋರಿಗೂ ಒಂದು ಕಾಪಿ ಕೊಡ್ರಿ.